ಬೆರಕೆಯಿಂದ ಬದುಕಿದ ಕಾಫಿ

ಮುಂಬಯಿಯ ಫೋರ್ಟ್ ಪ್ರದೇಶಕ್ಕೆ ಆ ಹೆಸರು ತಂದುಕೊಟ್ಟ ಕೋಟೆ ಈಗಿಲ್ಲ. 1860ರ ದಶಕದಲ್ಲಿ, ಬಾರ್ಟಲ್ ಫ್ರೇರ್ ಗವರ್ನರ್ ಆಗಿದ್ದಾಗ, ಅದರ ಗೋಡೆಗಳನ್ನು ಕೆಡವಿದರು. ಅಪೊಲೊ ಗೇಟ್, ಬಜಾರ್ ಗೇಟ್, ಚರ್ಚ್ ಗೇಟ್ ಎಂಬ ಮೂರು ಬಾಗಿಲುಗಳೂ ಹೋದವು. ಸೇಂಟ್ ಥಾಮಸ್ ಚರ್ಚಿನ ಕಡೆಯ ಬಾಗಿಲಿದ್ದ ಜಾಗದಲ್ಲಿ ಫ್ಲೋರಾ ಫೌಂಟನ್ ಎದ್ದಿತು. ಬಾಗಿಲು ಹೋದರೂ ಹೆಸರು ಹೋಗಲಿಲ್ಲ. ಅಲ್ಲಿ ಹಾದುಹೋಗುವ ರಸ್ತೆ ಬಹುಕಾಲ ಚರ್ಚ್‌ಗೇಟ್ ಸ್ಟ್ರೀಟ್ ಎಂದೇ ಕರೆಸಿಕೊಂಡಿತು. ಇಂದಿನ ವೀರ ನರಿಮನ್ ರಸ್ತೆ ಅದೇ. 1936ರಲ್ಲಿ ಇಂಡಿಯಾ ಕಾಫಿ ಹೌಸ್‌ನ ಮೊಟ್ಟಮೊದಲ ಮಳಿಗೆ ತೆರೆದದ್ದು ಈ ಚರ್ಚ್‌ಗೇಟಿನಲ್ಲಿ.

ಅದನ್ನು ತೆರೆದವರು ಹೋಟೆಲಿನವರಲ್ಲ, 1935ರ ಕಾಯಿದೆಯಡಿ ಹುಟ್ಟಿದ ಕಾಫಿ ಸೆಸ್ ಸಮಿತಿಯವರು. ಜಗತ್ತಿನ ಆರ್ಥಿಕ ಮುಗ್ಗಟ್ಟಿನಿಂದ ಕಾಫಿಯ ಬೆಲೆ ಕುಸಿದಿತ್ತು. ಕೊಡಗು, ಚಿಕ್ಕಮಗಳೂರು, ಹಾಸನ, ನೀಲಗಿರಿಯ ಬೀಜಕ್ಕೆ ಯುರೋಪನ್ನೇ ನೆಚ್ಚಿ ಕೂರುವಂತಿರಲಿಲ್ಲ. ದಕ್ಷಿಣದವರ ಮನೆಗಳಲ್ಲಿ ಮಾತ್ರ ಬೇರೂರಿದ್ದ ಪಾನೀಯಕ್ಕೆ ದೇಶದ ಉಳಿದ ಭಾಗದಲ್ಲಿ ಕುಡಿಯುವವರನ್ನು ಹುಟ್ಟಿಸಬೇಕಾಗಿತ್ತು. ಅದಕ್ಕೆ ಮುಂಬಯಿಗಿಂತ ಒಳ್ಳೆಯ ಊರು ಯಾವುದು?

ಆದರೆ ಬೆಳೆಗಾರರ ತಲೆನೋವು ಬೆಲೆಯೊಂದೇ ಆಗಿರಲಿಲ್ಲ. ಮಾರಾಟದ ಚಿಂತೆ ಫೋರ್ಟಿನಲ್ಲಿ ನಡೆಯುತ್ತಿದ್ದಾಗ ಗಿಡದ ಚಿಂತೆ ಮಲೆನಾಡಿನ ಬಾಳೆಹೊನ್ನೂರಿನಲ್ಲಿ ನಡೆಯುತ್ತಿತ್ತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಟ್ಟಿಸುವ ಒಂದು ಶಿಲೀಂಧ್ರ ಆರು ದಶಕಗಳಿಂದ ಅರೇಬಿಕಾ ತೋಟಗಳನ್ನು ತಿನ್ನುತ್ತಿತ್ತು. ಕಾಫಿಯನ್ನು ಉಳಿಸಿದ್ದು ಶುದ್ಧ ತಳಿಯ ಕಾವಲಲ್ಲ, ದೂರದ ನೆಂಟರ ಬೆರಕೆ. ಆ ಬೆರಕೆಯ ಕಥೆ ತಿಳಿಯಬೇಕಾದರೆ, ಬೆಟ್ಟದ ಈ ಗಿಡ ಸಮುದ್ರ ದಾಟಿ ಬಂದ ದಾರಿಯನ್ನು ಮೊದಲು ನೋಡಬೇಕು.

ಪಶ್ಚಿಮ ಕರಾವಳಿಗೆ ಕಾಫಿ ಮೊದಲು ಬಂದದ್ದು ಗಿಡವಾಗಿ ಅಲ್ಲ, ಸರಕಾಗಿ. ಕೆಂಪು ಸಮುದ್ರದ ದಡದ ಮೋಕಾ ಬಂದರಿನಿಂದ ಸೂರತ್ತಿಗೆ ಬೀಜ ಬರುತ್ತಿತ್ತು. 17ನೇ ಶತಮಾನದ ಕೊನೆಯಲ್ಲಿ ಅಲ್ಲಿಗೆ ಬಂದಿದ್ದ ಪಾದ್ರಿ ಜಾನ್ ಓವಿಂಗ್ಟನ್ ಅಲ್ಲಿಯ ಜನ ಕಾಫಿ ಕುಡಿಯುವುದನ್ನು ಬರೆದಿಟ್ಟಿದ್ದಾನೆ. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಮೋಕಾ ವ್ಯವಹಾರ ಮುಂಬಯಿ ಸರ್ಕಾರದ ಮೇಲ್ವಿಚಾರಣೆಗೆ ಬಂತು. ಕೋಟೆಯ ಮಗ್ಗುಲಿನ ಬಂದರಿಗೆ ಯೆಮೆನ್ನಿನ ಕಾಫಿ ಮೂಟೆಗಳು ಬಂದು ಹೋಗುತ್ತಿದ್ದವು.

ಆದರೆ ಮೂಟೆಯಲ್ಲಿ ಬಂದ ಬೀಜದಿಂದ ತೋಟ ಆಗುವುದಿಲ್ಲ. ಮೊಳೆಯುವ ಬೀಜ ಹೊರಗೆ ಹೋಗದಂತೆ ಅರಬರು ಕಾಯುತ್ತಿದ್ದರು ಎಂಬುದು ಹಳೆಯ ಮಾತು. ಕಾವಲು ಇರಲಿ ಬಿಡಲಿ, ಕಾಫಿ ಬೀಜದ ಸ್ವಭಾವವೇ ಹಾಗೆ. ಹಣ್ಣಿನಿಂದ ತೆಗೆದ ಮೇಲೆ ಕೆಲವೇ ತಿಂಗಳಲ್ಲಿ ಅದರ ಜೀವ ಹೋಗುತ್ತದೆ. ಭತ್ತ, ರಾಗಿಯಂತೆ ಕಣಜದಲ್ಲಿಟ್ಟು ಮುಂದಿನ ವರ್ಷ ಬಿತ್ತುವ ಬೀಜ ಅದಲ್ಲ. ಅದು ಜೀವಂತವಾಗಿ ಕಡಲು ದಾಟಬೇಕಾದರೆ ಯಾರಾದರೂ ಬೇಕೆಂದೇ, ಬೇಗನೆ ಒಯ್ಯಬೇಕು.

ಕನ್ನಡನಾಡಿನ ನೆನಪಿನಲ್ಲಿ ಹಾಗೆ ಒಯ್ದವರು ಬಾಬಾ ಬುಡನ್. 17ನೇ ಶತಮಾನದಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಏಳು ಬೀಜಗಳನ್ನು ತಂದು, ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂದು ಐತಿಹ್ಯ. ಏಳು ಎಂಬುದು ಭಕ್ತಿಯ ಲೆಕ್ಕ. ಆದರೆ ಆ ಲೆಕ್ಕದೊಳಗೆ ಒಂದು ನಿಜ ಅಡಗಿದೆ: ಬಂದದ್ದು ಕೆಲವೇ ಕೆಲವು ಬೀಜ.

ಅರೇಬಿಕಾದ ತವರು ಅರೇಬಿಯಾ ಅಲ್ಲ. 1753ರಲ್ಲಿ ಲಿನೇಯಸ್ ‘ಕಾಫಿಯಾ ಅರೇಬಿಕಾ’ ಎಂದು ಹೆಸರಿಟ್ಟದ್ದು ಸರಕು ಬಂದ ದೇಶವನ್ನು ನೋಡಿ. ಗಿಡದ ನಿಜವಾದ ಮನೆ ಇಥಿಯೋಪಿಯಾದ ನೈರುತ್ಯದ ಬೆಟ್ಟಗಳು ಮತ್ತು ಪಕ್ಕದ ದಕ್ಷಿಣ ಸುಡಾನಿನ ಬೋಮಾ ಪ್ರಸ್ಥಭೂಮಿ. ಅಲ್ಲಿಯ ಕಾಡಿನ ನೆರಳಲ್ಲಿ ನೂರಾರು ಬಗೆಯ ಅರೇಬಿಕಾ ಇದೆ. ಅದರಲ್ಲಿ ಒಂದು ಪಾಲು ಯೆಮೆನ್ನಿಗೆ ಹೋಯಿತು, ಆ ಪಾಲಿನಲ್ಲಿ ಒಂದು ಚಿಟಿಕೆ ಭಾರತಕ್ಕೆ ಬಂತು. ಚಿಟಿಕೆಯಲ್ಲೂ ಚಿಟಿಕೆ ಮುಂದೆ ಹೋಯಿತು. 1696ರಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಜಾವಾಕ್ಕೆ ಕಾಫಿ ಒಯ್ದರು. ನೆರೆಯಲ್ಲಿ ಅದು ಹಾಳಾದಾಗ 1699ರಲ್ಲಿ ಮತ್ತೆ ಒಯ್ದರು. 1706ರಲ್ಲಿ ಜಾವಾದಿಂದ ಆಮ್‌ಸ್ಟರ್‌ಡಾಮಿನ ಸಸ್ಯೋದ್ಯಾನಕ್ಕೆ ಗಿಡ ಹೋಯಿತು. 1714ರಲ್ಲಿ ಅದರ ಸಂತತಿಯ ಒಂದು ಗಿಡ ಫ್ರಾನ್ಸಿನ ದೊರೆ 14ನೇ ಲೂಯಿಗೆ ಕಾಣಿಕೆಯಾಯಿತು. 1720ರ ದಶಕದಲ್ಲಿ ಆ ವಂಶ ಅಟ್ಲಾಂಟಿಕ್ ದಾಟಿ ಮಾರ್ಟಿನಿಕ್ ದ್ವೀಪ ಸೇರಿತು. ಅಮೆರಿಕ ಖಂಡದ ವಿಸ್ತಾರವಾದ ತೋಟಗಳಲ್ಲಿ ಎಷ್ಟೋ ಪಾಲು ಹೀಗೆ ಬೆರಳೆಣಿಕೆಯ ಗಿಡಗಳ ಮಕ್ಕಳು.

ಒಂದೇ ಗಿಡದಿಂದ ತೋಟ ಎಬ್ಬಿಸಬಹುದಾದದ್ದು ಅರೇಬಿಕಾದ ಒಂದು ವಿಶೇಷ ಗುಣದಿಂದ. ಅದರ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಕಾಫಿ ಕುಲದ ಬೇರೆ ಬಹುತೇಕ ಪ್ರಭೇದಗಳಿಗೆ ಇದು ಆಗದು. ಅವಕ್ಕೆ ಇನ್ನೊಂದು ಗಿಡದ ಪರಾಗವೇ ಬೇಕು. ಸ್ವಂತ ಪರಾಗ ಸಾಕಾಗುವ ಗಿಡಕ್ಕೆ ವಲಸೆ ಸುಲಭ. ಆದರೆ ತಲೆಮಾರಿನಿಂದ ತಲೆಮಾರಿಗೆ ಅದೇ ಅದೇ ಗುಣಗಳು ಮರಳಿ ಬರುತ್ತವೆ, ಹೊಸದು ಸೇರುವುದಿಲ್ಲ. ಇಡೀ ಬೆಟ್ಟದ ತೋಟ ಒಂದೇ ಮನೆಯ ಅಕ್ಕತಂಗಿಯರಿಂದ ತುಂಬಿದಂತೆ. ಒಬ್ಬಳಿಗೆ ತಗಲುವ ರೋಗ ಎಲ್ಲರಿಗೂ ತಗಲುತ್ತದೆ.

ಸಹ್ಯಾದ್ರಿಯಲ್ಲಿ ಕಾಫಿಗೆ ನೆಂಟರೇ ಇರಲಿಲ್ಲ ಎಂದಲ್ಲ. ‘ವೈಟಿಯಾನಾ’, ‘ಟ್ರಾವಂಕೂರೆನ್ಸಿಸ್’ ಎಂಬ ಎರಡು ಕಾಡು ಪ್ರಭೇದಗಳು ಬಾಬಾ ಬುಡನ್ನರ ಬೀಜ ಬರುವುದಕ್ಕೆ ಎಷ್ಟೋ ಮುಂಚಿನಿಂದ ಪಶ್ಚಿಮಘಟ್ಟದಲ್ಲಿದ್ದವು. ಸೈಲಾಂಥಸ್ ಎಂಬ ಬೇರೆ ಕುಲಕ್ಕೆ ಸೇರಿಸಿದ್ದ ಇವನ್ನು 2011ರಲ್ಲಿ ಸಸ್ಯವಿಜ್ಞಾನಿಗಳು ಕಾಫಿ ಕುಲಕ್ಕೇ ತಂದರು. ಆದರೆ ಬೆಳೆಯ ಕಾಫಿಯ ಕಥೆಯಲ್ಲಿ ಈ ದೂರದ ನೆಂಟರಿಗೆ ಪಾತ್ರ ಸಿಗಲಿಲ್ಲ. ಬಂದ ಗಿಡ ಒಂಟಿಯಾಗಿಯೇ ಬೆಳೆಯಿತು.

19ನೇ ಶತಮಾನದ ಮೊದಲರ್ಧದಲ್ಲಿ ಮೈಸೂರು ಸಂಸ್ಥಾನದ ಮಲೆನಾಡಿಗೆ ಯುರೋಪಿಯನ್ ತೋಟಗಾರರು ಬಂದರು. ಚಿಕ್ಕಮಗಳೂರಿನ ಹತ್ತಿರ ಕ್ಯಾನನ್, 1850ರ ದಶಕದಲ್ಲಿ ಮಡಿಕೇರಿಯ ಬಳಿ ಫೌಲರ್ ತೋಟ ಹಾಕಿದರು. ಮೊದಲಿನ ತಳಿಗೆ ಚಿಕ್ಕಮಗಳೂರಿನ ಹೆಸರಿನಿಂದಲೇ ‘ಚಿಕ್’ ಎಂಬ ಹೆಸರು ಬಂತು. 1860ರ ದಶಕದಲ್ಲಿ ಕಾಂಡಕೊರಕ ಹುಳು ಕೊಡಗಿನಲ್ಲೂ ಮೈಸೂರಿನಲ್ಲೂ ಚಿಕ್ ತೋಟಗಳನ್ನು ಒಣಗಿಸಿತು. ಹಳೆಯ ತಳಿಯ ಜಾಗಕ್ಕೆ ‘ಕೂರ್ಗ್’ ತಳಿ ಬಂತು. ಅದು ಬೇರೂರುವಷ್ಟರಲ್ಲಿ ಎರಡನೆಯ ಪೆಟ್ಟು ಬಿತ್ತು.

1869ರಲ್ಲಿ ಸಿಲೋನಿನಿಂದ ಹೋದ ಎಲೆಗಳನ್ನು ಪರೀಕ್ಷಿಸಿದ ಇಂಗ್ಲೆಂಡಿನ ಶಿಲೀಂಧ್ರತಜ್ಞ ಮೈಲ್ಸ್ ಬರ್ಕ್ಲಿ ಹೊಸ ರೋಗಾಣುವಿಗೆ ‘ಹೆಮಿಲಿಯಾ ವಾಸ್ಟಾಟ್ರಿಕ್ಸ್’ ಎಂದು ಹೆಸರಿಟ್ಟ. ವಾಸ್ಟಾಟ್ರಿಕ್ಸ್ ಎಂದರೆ ಹಾಳುಗೆಡವುವಂಥದ್ದು. ಹೆಸರು ಸುಳ್ಳಾಗಲಿಲ್ಲ. ತುಕ್ಕು ಹಿಡಿದ ಎಲೆ ಉದುರುತ್ತದೆ. ಎಲೆ ಇಲ್ಲದ ರೆಕ್ಕೆಯಲ್ಲಿ ಮುಂದಿನ ವರ್ಷ ಹಣ್ಣಿಲ್ಲ. 1880ರಲ್ಲಿ ಸಿಲೋನಿಗೆ ಬಂದ ಹ್ಯಾರಿ ಮಾರ್ಷಲ್ ವಾರ್ಡ್ ಈ ರೋಗದ ಧೂಳು ಗಾಳಿಯಲ್ಲಿ ಹರಡುತ್ತದೆ, ಬೆಟ್ಟದ ತುಂಬ ಒಂದೇ ಗಿಡ ನೆಟ್ಟದ್ದು ಅದಕ್ಕೆ ಹಬ್ಬವಾಯಿತು ಎಂದು ತೋರಿಸಿದ. ತಿಳಿವಳಿಕೆ ಬಂದಾಗ ಹೊತ್ತು ಮೀರಿತ್ತು. ಸಿಲೋನಿನ ತೋಟಗಾರರು ಕಾಫಿ ಕಿತ್ತು ಚಹಾ ನೆಟ್ಟರು. ಇಂದು ಜಗತ್ತು ಆ ದ್ವೀಪವನ್ನು ಚಹಾದ ನಾಡು ಎಂದು ಕರೆಯುವುದಕ್ಕೆ ಈ ತುಕ್ಕೂ ಒಂದು ದೊಡ್ಡ ಕಾರಣ.

ಮಲೆನಾಡು, ಕೊಡಗುಗಳಿಗೂ ತುಕ್ಕು ಬಂತು. ಅಲ್ಲಿ ಕಾಫಿ ಪೂರ್ತಿ ಅಳಿಯಲಿಲ್ಲ. ಆದರೆ ತೋಟಗಾರರು ಬೇರೆ ದಾರಿ ಹುಡುಕತೊಡಗಿದರು. 1870ರ ದಶಕದಲ್ಲಿ ಪಶ್ಚಿಮ ಆಫ್ರಿಕಾದ ಲಿಬೆರಿಕಾ ಬಂತು. ದಪ್ಪ ಎಲೆ, ದೊಡ್ಡ ಹಣ್ಣು, ಮರದೆತ್ತರ. ತುಕ್ಕನ್ನು ಸ್ವಲ್ಪ ತಡೆದುಕೊಂಡಿತು, ಆದರೆ ರುಚಿ ಹಿಡಿಸಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಕಾಂಗೋ ಸೀಮೆಯ ರೋಬಸ್ಟಾ ಬಂತು. ತಗ್ಗಿನ ಬಿಸಿಲಿಗೂ ತುಕ್ಕಿಗೂ ಜಗ್ಗದ ಗಿಡ, ಆದರೆ ಒರಟು ರುಚಿ. ಲಿಬೆರಿಕಾ ಕೆಲವು ತೋಟಗಳ ಅಂಚಿನಲ್ಲಿ ಯಾರೂ ಹೆಚ್ಚು ಗಮನಿಸದ ಗಿಡವಾಗಿ ಉಳಿಯಿತು. ಹೀಗೆ, ಆಫ್ರಿಕಾದಲ್ಲಿ ಸಾವಿರಾರು ಮೈಲಿ ದೂರವಿದ್ದ ದಾಯಾದಿಗಳು ಮೊದಲ ಬಾರಿಗೆ ಒಂದೇ ಬೇಲಿಯೊಳಗೆ ಹೂ ಬಿಟ್ಟವು. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕೆಲವೇ ದಿನಗಳಲ್ಲಿ ತೋಟ ಬೆಳ್ಳಗಾದಾಗ, ಜೇನುಹುಳುವಿಗೆ ಇದು ಅರೇಬಿಕಾ, ಅದು ಲಿಬೆರಿಕಾ ಎಂಬ ಭೇದವಿಲ್ಲ.

1911ರ ಸುಮಾರಿಗೆ ಮೈಸೂರು ಸಂಸ್ಥಾನದ ತೋಟಗಾರ ಕೆಂಟ್, ತುಕ್ಕಿನ ನಡುವೆಯೂ ಹಸಿರಾಗಿದ್ದ ಒಂದು ಅರೇಬಿಕಾ ಗಿಡದ ಬೀಜ ಆಯ್ದು ಬೆಳೆಸಿದ. ‘ಕೆಂಟ್ಸ್’ ತೋಟದಿಂದ ತೋಟಕ್ಕೆ ಹರಡಿತು. ತುಕ್ಕಿಗೆ ಔಷಧಿ ಸಿಕ್ಕಿತೆಂದು ಬೆಳೆಗಾರರು ನೆಮ್ಮದಿಯಾದರು. ಅದೇ ಕಾಲದಲ್ಲಿ ಮೈಸೂರಿನ ಕೃಷಿ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ ಇದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದ ಕೆನಡಾದ ವಿಜ್ಞಾನಿ ಅವರು. ಅವರ ಮುಂದಾಳತ್ವದಲ್ಲಿ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ನೆಲೆಯಾಯಿತು.

ಅಲ್ಲಿಯ ವಿಜ್ಞಾನಿ ವಿಲ್ಸನ್ ಮೇಯ್ನ್ 1932ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ಕೆಂಟ್ಸ್ ತಳಿಗೂ ತುಕ್ಕು ಹಿಡಿಯತೊಡಗಿತ್ತು. ಕಾರಣವೇನೆಂದು ಅವರು ಕಂಡುಕೊಂಡಿದ್ದರು. ತುಕ್ಕು ಒಂದೇ ಅಲ್ಲ, ಅದರಲ್ಲೂ ಬಗೆಗಳಿವೆ. ಒಂದು ಬಗೆಯನ್ನು ಕೆಂಟ್ಸ್ ತಡೆಯುತ್ತದೆ, ಇನ್ನೊಂದು ಬಗೆ ಕೆಂಟ್ಸ್ ಮೇಲೇ ಬೆಳೆಯುತ್ತದೆ. ಕಾಫಿಯ ತುಕ್ಕಿನಲ್ಲಿ ಬಗೆಗಳಿವೆ ಎಂಬುದು ಜಗತ್ತಿಗೆ ಮೊದಲು ತಿಳಿದದ್ದು ಬಾಳೆಹೊನ್ನೂರಿನಿಂದ. ಅದರ ಅರ್ಥ ಬೆಳೆಗಾರರಿಗೆ ಕಹಿಯಾಗಿತ್ತು. ಅರೇಬಿಕಾದೊಳಗೇ ಎಷ್ಟು ಹುಡುಕಿದರೂ ಶಾಶ್ವತ ರಕ್ಷಣೆ ಇಲ್ಲ. ಗಿಡ ನಿಂತಲ್ಲೇ ನಿಂತಿರುತ್ತದೆ, ರೋಗ ಬದಲಾಗುತ್ತಲೇ ಇರುತ್ತದೆ.

ಕೇಂದ್ರದವರು ತೋಟಗಳಿಂದ ಆಯ್ದು ತಂದ ಗಿಡಗಳಲ್ಲಿ ಒಂದಕ್ಕೆ ಎಸ್. 26 ಎಂದು ಸಂಖ್ಯೆ ಕೊಟ್ಟಿದ್ದರು. ನೋಡಲು ಅರೇಬಿಕಾದಂತೆ, ಆದರೆ ಪೂರ್ತಿ ಅರೇಬಿಕಾ ಅಲ್ಲ. ಯಾರೂ ಬೇಕೆಂದು ಮಾಡದ, ಹೂಮಳೆಯ ಒಂದು ದಿನ ತಾನಾಗಿ ನಡೆದುಹೋದ ಅರೇಬಿಕಾ–ಲಿಬೆರಿಕಾ ಬೆರಕೆ ಅದು.

ಇಂಥ ಬೆರಕೆ ಅಪರೂಪ. ಅರೇಬಿಕಾದಲ್ಲಿ 44 ವರ್ಣತಂತುಗಳಿವೆ, ಕಾಫಿ ಕುಲದ ಉಳಿದ ಪ್ರಭೇದಗಳಲ್ಲಿ 22. ಎರಡೂ ಕೂಡಿದರೆ ಮಗುವಿಗೆ 22 ಮತ್ತು 11 ಸೇರಿ 33 ಬರುತ್ತದೆ. ಮೂವತ್ಮೂರನ್ನು ಜೋಡಿ ಮಾಡಲಾಗದು. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆಯಂತೆ ಅಂಥ ಗಿಡ ಸಾಮಾನ್ಯವಾಗಿ ಬಂಜೆ: ಸೊಂಪಾಗಿ ಬೆಳೆಯುತ್ತದೆ, ಬೀಜ ಕಟ್ಟುವುದಿಲ್ಲ. ಆದರೆ ಸಾವಿರಕ್ಕೊಮ್ಮೆ ಎಂಬಂತೆ ಪರಾಗದಲ್ಲಿ ವರ್ಣತಂತುಗಳು ಅರ್ಧಕ್ಕೆ ಇಳಿಯದೆ ಪೂರ್ತಿಯಾಗಿ ಉಳಿದುಬಿಡುತ್ತವೆ. ಆಗ ಲೆಕ್ಕ ಸರಿಹೊಂದಿ ಫಲ ಕೊಡುವ ಬೆರಕೆ ಹುಟ್ಟುತ್ತದೆ.

ಎಸ್. 26ರ ಸಂತತಿಯಿಂದ ಎಸ್. 288 ಬಂತು. ತುಕ್ಕನ್ನು ಚೆನ್ನಾಗಿ ತಡೆಯಿತು, ಆದರೆ ಬೀಜದ ಗುಣ ಸಾಲದು. ಅದನ್ನು ಬಾಳೆಹೊನ್ನೂರಿನವರು ಕೆಂಟ್ಸ್ ಜೊತೆ ಕೂಡಿಸಿದರು. ಒಂದರಿಂದ ತಾಳಿಕೆ, ಇನ್ನೊಂದರಿಂದ ರುಚಿ. 1940ರ ದಶಕದ ನಡುವಿನಲ್ಲಿ ಹೊರಬಂದ ಈ ತಳಿಯೇ ಎಸ್. 795. ಮಲೆನಾಡಿನಲ್ಲಿ ‘ಸೆವೆನ್ ನೈಂಟಿಫೈವ್’ ಎಂದರೆ ಹೆಚ್ಚಿನ ವಿವರಣೆ ಬೇಕಿಲ್ಲ. ಹಲವು ದಶಕ ಭಾರತದ ಅರೇಬಿಕಾ ತೋಟಗಳ ಬೆನ್ನೆಲುಬು ಅದೇ ಆಗಿತ್ತು. ಮುಂದೆ ಅದು ಇಂಡೋನೇಷ್ಯಾಕ್ಕೂ ಹೋಗಿ ಅಲ್ಲಿಯ ಮುಖ್ಯ ತಳಿಗಳಲ್ಲಿ ಒಂದಾಯಿತು. 1699ರಲ್ಲಿ ಮಲಬಾರಿನಿಂದ ಜಾವಾಕ್ಕೆ ಹೋದ ಬೀಜದ ದಾರಿಯಲ್ಲೇ, ಎರಡೂವರೆ ಶತಮಾನದ ನಂತರ, ಬೆರಕೆ ಮೊಮ್ಮಗಳೊಬ್ಬಳು ನಡೆದಂತಾಯಿತು.

ಇಂಥದೇ ಘಟನೆ ಬೇರೆಡೆಯೂ ನಡೆದಿತ್ತು. 1920ರ ದಶಕದಲ್ಲಿ ಟಿಮೋರ್ ದ್ವೀಪದ ಅರೇಬಿಕಾ ತೋಟವೊಂದರಲ್ಲಿ ರೋಬಸ್ಟಾದ ಜೊತೆ ತಾನಾಗಿ ಬೆರೆತ ಗಿಡ ಕಣ್ಣಿಗೆ ಬಿತ್ತು. ಕೊಡಗಿನ ದೇವಮಚ್ಚಿ ತೋಟದಲ್ಲೂ ಅರೇಬಿಕಾ–ರೋಬಸ್ಟಾ ಬೆರಕೆ ಸಿಕ್ಕಿತು. 1955ರಲ್ಲಿ ಪೋರ್ಚುಗಲ್ಲಿನ ಓಯರಾಸಿನಲ್ಲಿ ತುಕ್ಕಿನ ಅಧ್ಯಯನಕ್ಕೆಂದೇ ಒಂದು ಕೇಂದ್ರ ತೆರೆಯಿತು. ಟಿಮೋರಿನ ಬೆರಕೆ ಅಲ್ಲಿಂದ ಜಗತ್ತಿನ ತಳಿ ತಜ್ಞರ ಕೈ ಸೇರಿತು. 1970ರಲ್ಲಿ ತುಕ್ಕು ಬ್ರೆಜಿಲಿಗೆ ಕಾಲಿಟ್ಟಾಗ ಅಲ್ಲಿಯವರ ಕೈಯಲ್ಲಿದ್ದ ಮದ್ದುಗಳಲ್ಲಿ ಇದೂ ಒಂದು. ಭಾರತದಲ್ಲಿ 1980ರ ದಶಕದಲ್ಲಿ ಬಂದ ‘ಕಾವೇರಿ’, 2007ರಲ್ಲಿ ಬಂದ ‘ಚಂದ್ರಗಿರಿ’ ಎರಡರಲ್ಲೂ ಟಿಮೋರಿನ ರಕ್ತವಿದೆ.

ಈ ಬೆರಕೆಗಳನ್ನು ಅರೇಬಿಕಾದ ಶುದ್ಧತೆಗೆ ತಗುಲಿದ ಕಳಂಕವೆಂದು ನೋಡಿದವರಿದ್ದರು. ರುಚಿ ಕೆಡುತ್ತದೆ ಎಂಬ ಆಕ್ಷೇಪ ಇಂದಿಗೂ ಇದೆ. ಆದರೆ ಶುದ್ಧ ಅರೇಬಿಕಾ ಎಂಬುದು ಎಂದಿಗೂ ಇರಲಿಲ್ಲ. 44 ಎಂಬ ಆ ಒಂಟಿ ಸಂಖ್ಯೆಯೇ ಅದರ ಗುಟ್ಟು ಹೇಳುತ್ತಿತ್ತು. 1990ರ ದಶಕದ ಕೊನೆಯ ಜೀನ್ ಅಧ್ಯಯನಗಳು ಅದನ್ನು ಬಿಡಿಸಿದವು: ಅರೇಬಿಕಾ ತಾನೇ ಎರಡು ಪ್ರಭೇದಗಳ ಬೆರಕೆ. ತಾಯಿಯ ಕಡೆ ಪೂರ್ವ ಆಫ್ರಿಕಾದ ಎತ್ತರದ ನೆಲದ ಯೂಜೆನಿಯಾಯಿಡಿಸ್, ತಂದೆಯ ಕಡೆ ಕೆನೆಫೊರಾ. ಕೆನೆಫೊರಾ ಎಂದರೆ ಇನ್ಯಾರೂ ಅಲ್ಲ, ಮಲೆನಾಡಿನವರು ಒರಟು ಎಂದು ದೂರುತ್ತಿದ್ದ ರೋಬಸ್ಟಾವೇ. 22ಕ್ಕೆ 22 ಕೂಡಿ 44. ಮಗಳಿಗೆ 1753ರಲ್ಲಿ ಹೆಸರಿಟ್ಟ ಸಸ್ಯವಿಜ್ಞಾನ ತಂದೆಗೆ ಹೆಸರಿಟ್ಟದ್ದು 1897ರಲ್ಲಿ. ಅವರಿಬ್ಬರ ಸಂಬಂಧ ತಿಳಿಯಲು ಇನ್ನೂ ನೂರು ವರ್ಷ ಹಿಡಿಯಿತು. 2024ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಈ ಮಿಲನ 6 ಲಕ್ಷ ವರ್ಷಕ್ಕೂ ಹಿಂದೆ ನಡೆಯಿತೆಂದು ಅಂದಾಜಿಸುತ್ತದೆ. ಆಗಲೂ ಯಾರೂ ಬೇಕೆಂದು ಮಾಡಿದ್ದಲ್ಲ. ಎರಡು ಪ್ರಭೇದಗಳು ಒಂದೆಡೆ ಸೇರಿದವು, ಲೆಕ್ಕ ತಪ್ಪಿದ ಪರಾಗ ಒಂದಾಯಿತು. ಎಸ್. 26ರಲ್ಲಿ ನಡೆದದ್ದು ಆ ಹಳೆಯ ಘಟನೆಯ ಇನ್ನೊಂದು ರೂಪ.

ಬೆರಕೆ ಮಂತ್ರದಂಡವಲ್ಲ ಎಂಬುದನ್ನೂ ತೋಟಗಳು ಕಲಿಸಿವೆ. ಎಸ್. 795ರ ತಾಳಿಕೆಯನ್ನೂ ತುಕ್ಕಿನ ಹೊಸ ಬಗೆಗಳು ಮುರಿದವು, ಕಾವೇರಿಯದನ್ನೂ ಮುರಿದವು. ಬಿಳಿ ಕಾಂಡಕೊರಕ ಅರೇಬಿಕಾವನ್ನು ಈಗಲೂ ಒಳಗಿನಿಂದ ಕೊರೆಯುತ್ತಿದೆ. ಹುಳು ಹೊಕ್ಕ ಗಿಡವನ್ನು ಕಿತ್ತು ಸುಡುವುದೇ ಮುಖ್ಯ ಉಪಾಯ. ಭಾರತದ ಬಹುಪಾಲು ಕಾಫಿ ಹಿಡುವಳಿಗಳು 10 ಹೆಕ್ಟೇರಿಗಿಂತ ಚಿಕ್ಕವು. ಅಂಥ ಬೆಳೆಗಾರನಿಗೆ ತಳಿಯ ಆಯ್ಕೆ ಎಂದರೆ ಇಪ್ಪತ್ತು ಮೂವತ್ತು ವರ್ಷಗಳ ಪಣ. ತಪ್ಪಿದರೆ ತಿದ್ದಿಕೊಳ್ಳುವ ಹೊತ್ತಿಗೆ ಮಕ್ಕಳ ಕಾಲ ಬಂದಿರುತ್ತದೆ. ಸೋತ ಹಲವರು ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದರು. ಒಂದು ಕಾಲಕ್ಕೆ ಅರೇಬಿಕಾದ್ದೇ ಮೇಲುಗೈಯಾಗಿದ್ದ ದೇಶದಲ್ಲಿ ಈಗ ಬೆಳೆಯ ಸುಮಾರು ಶೇ. 70 ರೋಬಸ್ಟಾ. ಅದರಲ್ಲೂ ಕಾಂಗೋ ನದಿ ದಂಡೆಯ ಕಾಂಜೆನ್ಸಿಸ್ ಪ್ರಭೇದದ ಜೊತೆ ಬೆರೆಸಿದ ‘ಸಿ×ಆರ್’ ತಳಿಗೆ ಬೇಡಿಕೆ ಇದೆ. ಗೆದ್ದ ರೋಬಸ್ಟಾಕ್ಕೂ ನೆಂಟರ ನೆರವು ಬೇಕಾಯಿತು.

ಬೆರಕೆಗೆ ನೆಂಟರು ಬದುಕಿರಬೇಕು. ಕಾಫಿಯ 124 ಕಾಡು ಪ್ರಭೇದಗಳಲ್ಲಿ ಕನಿಷ್ಠ ಶೇ. 60 ಅಳಿವಿನ ಅಪಾಯದಲ್ಲಿವೆ ಎಂದು 2019ರ ಅಧ್ಯಯನವೊಂದು ಹೇಳಿತು. ಬೆಟ್ಟದ ಗಿಡಕ್ಕೆ ಬಿಸಿ ಹೆಚ್ಚಿದಾಗ ಇರುವ ಸಹಜ ದಾರಿ ಮೇಲಕ್ಕೆ ಸರಿಯುವುದು. ಶಿಖರ ಮುಗಿದ ಮೇಲೆ ದಾರಿಯಿಲ್ಲ. ಮುಂದಿನ ಎಸ್. 26ಕ್ಕೆ ಬೇಕಾದ ಗುಣ ಇಥಿಯೋಪಿಯಾದ ಯಾವುದೋ ಕಾಡಿನಲ್ಲೋ, ಪಶ್ಚಿಮ ಆಫ್ರಿಕಾದ ಯಾವುದೋ ಇಳಿಜಾರಿನಲ್ಲೋ ಇರಬಹುದು. ಆ ಕಾಡು ಬೋಳಾದರೆ ನಷ್ಟವಾಗುವುದು ಮೂಡಿಗೆರೆ, ಸೋಮವಾರಪೇಟೆಗಳ ತೋಟಗಳಿಗೂ.

ಫೋರ್ಟಿನ ಕಾಫಿಯ ಕಥೆ 1936ರ ಮಳಿಗೆಗೆ ನಿಲ್ಲಲಿಲ್ಲ. ಉಡುಪಿ, ದಕ್ಷಿಣ ಕನ್ನಡದ ಹುಡುಗರು ಹಡಗು ಹತ್ತಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಕನ್ನಡ ಇಂಗ್ಲಿಷು ಕಲಿತರು. ಅವರು ಕಟ್ಟಿದ ಹೋಟೆಲುಗಳಿಂದ ಫಿಲ್ಟರ್ ಕಾಫಿ ಈ ಊರಿನ ಕಚೇರಿ ಜನರ ನಾಲಿಗೆಗೆ ಹತ್ತಿತು. ಅಂಥ ಹೋಟೆಲಿನ ಪುಡಿಯಲ್ಲಿ ಸಾಮಾನ್ಯವಾಗಿ ಅರೇಬಿಕಾದ ಜೊತೆಗೆ ರೋಬಸ್ಟಾವೂ ಇರುತ್ತದೆ, ಮೇಲೆ ಒಂದಿಷ್ಟು ಚಿಕೋರಿ. ಅರೇಬಿಕಾ ಪರಿಮಳಕ್ಕೆ, ರೋಬಸ್ಟಾ ಗಟ್ಟಿತನಕ್ಕೆ ಎಂದು ಪುಡಿ ಅಂಗಡಿಯವರು ಹೇಳುತ್ತಾರೆ. ಬೇರೆ ಬೇರೆ ಖಂಡ ಸುತ್ತಿ, ಬೇರೆ ಬೇರೆ ಹಡಗಿನಲ್ಲಿ ಬಂದ ಮಗಳೂ ತಂದೆಯೂ ಡಿಕಾಕ್ಷನ್ನಿನಲ್ಲಿ ಮತ್ತೆ ಒಂದಾಗುತ್ತಾರೆ. ಕುಡಿಯುವವರಿಗೆ ಅದು ತಿಳಿಯಬೇಕಾಗಿಲ್ಲ. ತೋಟದವರಿಗೆ ತಿಳಿದಿದ್ದರೆ ಸಾಕು.